ಅರ್ಧಕ್ಕೆ ನಿಂತ ಗಾಡಿ: ಮೊದಲು ನಿಂತ ಜಾಗ ಹುಡುಕಿ

ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಹಳೆಯ ಗಾಡಿಗಳನ್ನು ಮತ್ತೆ ರಸ್ತೆಗೆ ತರುವ ಕೆಲಸ ಮಾಡುತ್ತೇನೆ. ಪೂರ್ತಿ ಹಾಳಾಗಿ ಬಿದ್ದ ಗಾಡಿ ಬಂದರೆ ನನಗೆ ಅಷ್ಟು ಚಿಂತೆ ಆಗುವುದಿಲ್ಲ. ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುತ್ತದೆ. ಆದರೆ ಬೇರೆಯವರು ಮಾರ್ಪಾಡು ಮಾಡಲು ಹೋಗಿ ಅರ್ಧಕ್ಕೆ ಬಿಟ್ಟ ಗಾಡಿ ಬಂದಾಗ ನಾನು ಪಾನಾ ಮುಟ್ಟುವುದೇ ಇಲ್ಲ. ಮೊದಲು ಒಂದೇ ಪ್ರಶ್ನೆ: ಈ ಕೆಲಸ ಎಲ್ಲಿ ನಿಂತಿತು, ಯಾಕೆ ನಿಂತಿತು?

ಗಿರಾಕಿಗಳು ಹೇಳುವ ಮಾತು ಸಾಮಾನ್ಯವಾಗಿ ಒಂದೇ. "ಮುಕ್ಕಾಲು ಕೆಲಸ ಮುಗದೈತ್ರಿ ಅಣ್ಣಾರ, ಸ್ವಲ್ಪ ಉಳದೈತಿ." ಉಳಿದಿರುವ ಆ ಸ್ವಲ್ಪವೇ ಅಸಲಿ ಕೆಲಸ. ಸುಲಭವಾದದ್ದನ್ನೆಲ್ಲ ಹಿಂದಿನವರು ಮಾಡಿ ಮುಗಿಸಿರುತ್ತಾರೆ. ಸೀಟಿಗೆ ಹೊಸ ರೆಕ್ಸಿನ್ ಬಂದಿರುತ್ತದೆ, ಬಾಗಿಲಿಗೆ ಬಣ್ಣ ಹೊಡೆದಿರುತ್ತಾರೆ, ಹೊಸ ಲೈಟ್ ಡಬ್ಬಿಯಲ್ಲಿರುತ್ತದೆ. ಗಾಡಿ ಮಾತ್ರ ಶೆಡ್ಡಿನಲ್ಲೇ ಇರುತ್ತದೆ. ಯಾಕೆ ಬಿಟ್ಟಿರಿ ಅಂದರೆ ರೊಕ್ಕ ಸಾಲಲಿಲ್ಲ ಅನ್ನುತ್ತಾರೆ. ನಾನು ಕಂಡಂತೆ ರೊಕ್ಕಕ್ಕಿಂತ ಮೊದಲು ಒಂದು ಗಂಟು ಬಿದ್ದಿರುತ್ತದೆ. ಅದು ಬಿಚ್ಚಲಿಲ್ಲ ಅಂತ ಆಸೆ ಹೋಗುತ್ತದೆ, ಆಸೆ ಹೋದ ಮೇಲೆ ರೊಕ್ಕ ನಿಲ್ಲುತ್ತದೆ. ಆ ಗಂಟು ಕಂಡುಹಿಡಿಯದೆ ಕೆಲಸ ಹಿಡಿದರೆ ನಾವೂ ಅದೇ ಜಾಗಕ್ಕೆ ಹೋಗಿ ನಿಲ್ಲುತ್ತೇವೆ.

ಈಗ ನನ್ನ ಶೆಡ್ಡಿನಲ್ಲಿರುವ ಸ್ಟ್ಯಾಂಡರ್ಡ್ ಹೆರಾಲ್ಡ್ ಕಥೆ ಹೇಳುತ್ತೇನೆ. ಎರಡು ಬಾಗಿಲಿನ ಗಾಡಿ. ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಅಂತ ಬಂತು. ಇಟಲಿಯ ಜೊವಾನಿ ಮಿಕೆಲೊಟ್ಟಿ ಅದರ ರೂಪ ಬರೆದವರು. 1961ರಿಂದ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಕಂಪನಿ ಅದನ್ನು ಇಲ್ಲೇ ಮಾಡತೊಡಗಿತು. 948 ಸಿಸಿ ಎಂಜಿನ್. ಬಾನೆಟ್ ತೆಗೆದರೆ ಮಡ್‌ಗಾರ್ಡ್ ಸಮೇತ ಮುಂಭಾಗ ಪೂರ್ತಿ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಆರಾಮಾಗಿ ಟೈರ್ ಮೇಲೆ ಕೂತು ಎಂಜಿನ್ ಕೆಲಸ ಮಾಡಬಹುದು. ಚಾಸಿಸ್ ಬೇರೆ, ಬಾಡಿ ಬೇರೆ. ಮಾರ್ಪಾಡು ಮಾಡುವವರಿಗೆ ಈ ಗಾಡಿ ಮೇಲೆ ಕಣ್ಣು ಬೀಳುವುದೇ ಅದಕ್ಕೆ.

ಬಾಗಲಕೋಟೆಯ ಹುಡುಗನೊಬ್ಬ ಇದನ್ನು ವಿಜಯಪುರದಿಂದ ಕೊಂಡು ಲಾರಿಯಲ್ಲಿ ತಂದ. ಹಿಂದಿನ ಮಾಲೀಕರು ಟಾಪ್ ತೆಗೆದು, ಮಾರುತಿ ಜಿಪ್ಸಿಯ 1.3 ಲೀಟರ್ ಎಂಜಿನ್ ಕೂರಿಸಿ, ತೆರೆದ ಸ್ಪೋರ್ಟ್ಸ್ ಗಾಡಿ ಮಾಡಲು ಹೊರಟಿದ್ದರು. ವಿಜಯಪುರದ ಒಣ ಹವೆ ಗಾಡಿಯ ಕಬ್ಬಿಣವನ್ನು ಉಳಿಸಿತ್ತು. ಖಾನಾಪುರದ ಕಡೆಯ ಮಳೆಯಲ್ಲಿ ಇಷ್ಟು ವರ್ಷ ನಿಂತಿದ್ದರೆ ಚಾಸಿಸ್ಸಿನ ಪಕ್ಕದ ತೋಳುಗಳು ಕೈಗೆ ಪುಡಿಯಾಗಿ ಬರುತ್ತಿದ್ದವು. ಇಲ್ಲಿ ಹಾಳಾಗಿದ್ದು ರಬ್ಬರ್ ಮತ್ತು ವೈರು. ಬಿಸಿಲಿಗೆ ಒಡೆದದ್ದು ಒಂದಿಷ್ಟು, ಇಲಿ ತಿಂದದ್ದು ಒಂದಿಷ್ಟು.

ಮೊದಲು ವೆಲ್ಡಿಂಗ್ ನೋಡಿದೆ. ಹಿಂದಿನವರ ಮನಸ್ಸು ಅಲ್ಲಿ ಕಾಣುತ್ತದೆ. ಹಿಂದುಗಡೆ ಹಾಕಿದ ಪಟ್ಟಿಗಳ ವೆಲ್ಡ್ ಒಂದೇ ಸಮ, ಎರಡೂ ಕಡೆ ಹಿಡಿದಿದೆ. ಮುಂದೆ ಎಂಜಿನ್ನನ್ನು ಹಿಡಿದು ಕೂರಿಸುವ ಮೌಂಟಿನ ವೆಲ್ಡ್ ಗುಡ್ಡೆ ಗುಡ್ಡೆ, ಕೆಳಗೆ ಗಾಳಿ ಹೋಗುತ್ತದೆ. ಅಂದರೆ ಒಂದೇ ಗಾಡಿಗೆ ಇಬ್ಬರು ಮಿಸ್ತ್ರಿಗಳ ಕೈ ಬಿದ್ದಿದೆ. ಟಾಪನ್ನು ಕೊಯ್ದಿರಲಿಲ್ಲ, ಬೋಲ್ಟ್ ಬಿಚ್ಚಿ ಎತ್ತಿದ್ದರು. ಹೆರಾಲ್ಡ್ ಟಾಪ್ ಬೋಲ್ಟಿನಿಂದ ಕೂರುತ್ತದೆ ಅಂತ ಗೊತ್ತಿಲ್ಲದವರು ಗ್ರೈಂಡರ್ ಹಚ್ಚಿಬಿಡುತ್ತಾರೆ. ಶುರು ಮಾಡಿದವರು ಗಾಡಿಯನ್ನು ಅರಿತವರು ಅನ್ನುವುದು ಅಷ್ಟರಲ್ಲೇ ಗೊತ್ತಾಯಿತು. ಅಂಥವರು ಯಾಕೆ ಕೈಬಿಟ್ಟರು?

ಕೇಳಲು ವಿಜಯಪುರಕ್ಕೆ ಹೋದೆ. ಇದನ್ನು ನಮ್ಮ ಕಸುಬಿನ ಹುಡುಗರಿಗೆ ಒತ್ತಿ ಹೇಳುತ್ತೇನೆ: ಹಿಂದಿನ ಮಾಲೀಕರು ಸಿಗುವಂತಿದ್ದರೆ ಹೋಗಿ ಮಾತಾಡಿ. ಅವರ ಕೆಲಸದಲ್ಲಿ ತಪ್ಪು ಹುಡುಕಲು ಬಂದಂತೆ ಮಾತ್ರ ಮಾತಾಡಬೇಡಿ. ಆ ಗಾಡಿ ಮೇಲೆ ಅವರು ಇಟ್ಟ ಪ್ರೀತಿ ಸಣ್ಣದಲ್ಲ. "ನೀವು ಟಾಪ್ ಬಿಚ್ಚಿದ ರೀತಿ ಚೆನ್ನಾಗಿದೆ ಕಾಕಾ" ಅಂದೆ. ಅವರ ಮುಖ ಅರಳಿತು. ಆಮೇಲೆ ಅವರೇ ಹೇಳಿದರು: "ರೊಕ್ಕದ ಸಲುವಾಗಿ ನಿಲ್ಲಿಸಲಿಲ್ಲ ತಮ್ಮಾ. ನಲವತ್ತು ದಾಟಿದ ಕೂಡಲೇ ಗಾಡಿ ನಡುಗತಿತ್ತು. ಶಾಫ್ಟ್ ಬದಲಿ ಮಾಡಿಸಿದೆ, ಮತ್ತ ಮಾಡಿಸಿದೆ. ನಡುಕ ಹೋಗಲಿಲ್ಲ."

ಗಂಟು ಸಿಕ್ಕಿತು. ನಡುಕ ಇದ್ದದ್ದು ಶಾಫ್ಟಿನಲ್ಲಲ್ಲ. ಎಂಜಿನ್ ಬಲವನ್ನು ಗೇರ್‌ಬಾಕ್ಸಿನಿಂದ ಹಿಂದಕ್ಕೆ ಒಯ್ಯುವ ಉದ್ದ ಕೊಳವೆಯೇ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡು ತುದಿಯಲ್ಲಿ ಮಡಚುವ ಕೀಲುಗಳಾದ ಜಾಯಿಂಟ್ ಕ್ರಾಸ್‌ಗಳು ಒಂದೇ ಕೋನದಲ್ಲಿ ಕೆಲಸ ಮಾಡಬೇಕು. ಒಂದು ಕಡೆ ಹುಟ್ಟುವ ಏರಿಳಿತವನ್ನು ಇನ್ನೊಂದು ಕಡೆಯದು ಸರಿಮಾಡುತ್ತದೆ. ಕೋನ ಬೇರೆ ಬೇರೆ ಆದರೆ ಏರಿಳಿತ ಹಾಗೇ ಉಳಿದು ಗಾಡಿ ಅದುರುತ್ತದೆ. ಹೆರಾಲ್ಡ್‌ನಲ್ಲಿ ಆ ಬಲವನ್ನು ಹಿಂದಿನ ಎರಡು ಚಕ್ರಕ್ಕೆ ಹಂಚುವ ಡಿಫರೆನ್ಶಿಯಲ್ ಚಾಸಿಸ್ಸಿಗೇ ಬಿಗಿದಿರುತ್ತದೆ, ಅದು ಅಲುಗುವುದಿಲ್ಲ. ಎಂಜಿನ್ನನ್ನೇ ಅದಕ್ಕೆ ಹೊಂದುವಂತೆ ಕೂರಿಸಬೇಕು. ಇಲ್ಲಿ ಸ್ಟೀರಿಂಗಿಗೆ ತಾಗಬಾರದು ಅಂತ ಎರಡನೇ ಮಿಸ್ತ್ರಿ ಎಂಜಿನ್ನನ್ನು ಓರೆಯಾಗಿ, ಹಿಂದೆ ತಗ್ಗಿಸಿ ಕೂರಿಸಿದ್ದ. ಅದರ ಮೇಲೆ ಜಿಪ್ಸಿ ಗೇರ್‌ಬಾಕ್ಸ್ ಉದ್ದ. ಶಾಫ್ಟ್‌ಗೆ ಉಳಿದ ಜಾಗ ಗಿಡ್ಡ, ಗಿಡ್ಡ ಆದಷ್ಟೂ ಕೋನ ಜಾಸ್ತಿ. ಇಂಥ ಜೋಡಣೆಗೆ ಎಷ್ಟು ಶಾಫ್ಟ್ ಮಾಡಿಸಿದರೂ ಅಷ್ಟೇ ಅಲ್ವಾ?

ಮೌಂಟ್ ಕೊಯ್ದು ಮತ್ತೆ ಕೂರಿಸಿದರೆ ನಡುಕ ಹೋಗುತ್ತದೆ. ಆದರೆ ಅದರ ಹಿಂದೆ ಇನ್ನೂ ದೊಡ್ಡ ಗಂಟು ಕಾಣುತ್ತಿತ್ತು, ಕಾಗದದ್ದು. ಆರ್‌ಸಿಯಲ್ಲಿರುವುದು 948 ಸಿಸಿ ಎಂಜಿನ್ನಿನ ನಂಬರ್. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ತಯಾರಕರು ಕೊಟ್ಟ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಎತ್ತಿ ಹಿಡಿದಿದೆ. ಇನ್ನೊಂದು ಕಡೆ, 2021ರಲ್ಲಿ ಬಂದ ವಿಂಟೇಜ್ ನೋಂದಣಿ ನಿಯಮ ಈ ಗಾಡಿಗೆ ಹೇಳಿ ಮಾಡಿಸಿದಂತಿದೆ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲೇ ಇರಬೇಕು, ಚಾಸಿಸ್, ಬಾಡಿ, ಎಂಜಿನ್ನಿಗೆ ದೊಡ್ಡ ಮಾರ್ಪಾಡು ಆಗಿರಬಾರದು. ಜಿಪ್ಸಿ ಎಂಜಿನ್ ಇಟ್ಟುಕೊಂಡರೆ ಆ ಬಾಗಿಲು ಮುಚ್ಚಿತು.

ಮೂಲ ಎಂಜಿನ್ ಎಲ್ಲಿದೆ ಕಾಕಾ ಅಂತ ಕೇಳಿದೆ. ಜೋಳದ ಚೀಲಗಳ ಹಿಂದೆ ಇತ್ತು, ನಂಬರ್ ಆರ್‌ಸಿಗೆ ತಾಳೆಯಾಯಿತು. ಟಾಪ್ ಅಟ್ಟದ ಮೇಲಿತ್ತು. ಅದರ ಬೋಲ್ಟುಗಳನ್ನು ಬಟ್ಟೆ ಚೀಲದಲ್ಲಿ ಕಟ್ಟಿ, ಯಾವುದು ಎಲ್ಲಿಯದು ಅಂತ ಚೀಟಿ ಹಚ್ಚಿ ಇಟ್ಟಿದ್ದರು. ಇಂಥ ಮನುಷ್ಯನಿಗೆ ಕೈ ಮುಗಿಯಬೇಕು.

ಹುಡುಗನ ಮುಂದೆ ಎರಡೂ ದಾರಿ, ಎರಡರ ಖರ್ಚು ಬರೆದಿಟ್ಟೆ. ತೆರೆದ ಗಾಡಿಯ ಆಸೆಯಿಂದಲೇ ಕೊಂಡವನು, ಒಂದು ವಾರ ಯೋಚಿಸಿದ. ಆಮೇಲೆ ಫೋನ್ ಮಾಡಿ, "ಮೊದಲ ಹೆಂಗಿತ್ತೋ ಹಂಗ ಮಾಡ್ರಿ" ಅಂದ. ಅದು ಸರಿಯಾದ ನಿರ್ಧಾರ ಅಂತ ನನಗೆ ಈಗಲೂ ಅನಿಸುತ್ತದೆ. ಹೆದರಿ ಹೆದರಿ ಓಡಿಸುವ ಗಾಡಿಯಲ್ಲಿ ಏನು ಸುಖ?

ಇನ್ನೊಂದು ಮಾತು ಹೇಳಲೇಬೇಕು, ಜೀವಕ್ಕೆ ಸಂಬಂಧಿಸಿದ್ದು. ಹೆರಾಲ್ಡ್ ಮುಂದಿನ ಚಕ್ರದ ಕೆಳಗೆ ಟ್ರನಿಯನ್ ಅಂತ ಹಿತ್ತಾಳೆ ಬಣ್ಣದ ಒಂದು ಭಾಗ ಇದೆ. ಚಕ್ರ ಹಿಡಿದ ಉಕ್ಕಿನ ಕಂಬದ ತುದಿಯಲ್ಲಿ ಮರೆ, ಅಂದರೆ ಬೋಲ್ಟಿಗಿರುವಂಥ ತಿರುಪಿನ ಗೆರೆ, ಕೊರೆದಿರುತ್ತದೆ, ಅದು ಟ್ರನಿಯನ್ ಒಳಗೆ ತಿರುಗಿ ಕೂರುತ್ತದೆ. ಸ್ಟೀರಿಂಗ್ ತಿರುಗಿಸಿದಾಗಲೆಲ್ಲ ಆ ಮರೆ ಒಳಗೇ ತಿರುಗುತ್ತದೆ. ಅದಕ್ಕೆ ಹಾಕಬೇಕಾದದ್ದು ಇಪಿ 90 ಗೇರ್ ಆಯಿಲ್. ಅಲ್ಲಿರುವ ನಿಪ್ಪಲ್ ನೋಡಿ ಎಲ್ಲರೂ ಗ್ರೀಸ್ ಗನ್ ಹಚ್ಚುತ್ತಾರೆ. ಗ್ರೀಸ್ ಗಟ್ಟಿಯಾಗಿ ದಾರಿ ಕಟ್ಟುತ್ತದೆ, ಮರೆಯ ಬುಡಕ್ಕೆ ಎಣ್ಣೆ ತಲುಪುವುದಿಲ್ಲ, ನೀರು ಹೋಗಿ ತುಕ್ಕು ಹಿಡಿಯುತ್ತದೆ. ಒಂದು ದಿನ ಕಂಬ ಮುರಿದು ಚಕ್ರ ಮಡಚಿಕೊಳ್ಳುತ್ತದೆ.

ಇದರಲ್ಲೂ ಗ್ರೀಸ್ ತುಂಬಿದ್ದರು. ಬಿಚ್ಚಿದಾಗ ಒಳಗಿಂದ ಕರಿ ಮೇಣದಂಥದ್ದು ಬಂತು. ಡೀಸೆಲ್‌ನಲ್ಲಿ ತೊಳೆದು, ಬೆಳಕಿಗೆ ಹಿಡಿದು ಉಗುರು ಆಡಿಸಿದೆವು. ಎಡಗಡೆ ಕಂಬದ ಮರೆಯ ಬುಡದಲ್ಲಿ ತುಕ್ಕಿನ ಗುಳಿ ಉಗುರಿಗೆ ಸಿಕ್ಕಿತು. ಕಣ್ಣಿಗೆ ಸರಿಯಾಗಿ ಕಾಣದಷ್ಟು ಸಣ್ಣದು. ಅದನ್ನು ತೆಗೆದುಹಾಕಿ ಬ್ರಿಟನ್ನಿನಿಂದ ಹೊಸದು ತರಿಸಿದೆವು. ಹೆರಾಲ್ಡ್ ಬಿಡಿಭಾಗ ಅಲ್ಲಿ ಇನ್ನೂ ಮಾಡುತ್ತಾರೆ. ತರಿಸುವಾಗ ಎಡ, ಬಲ ನೋಡಿ ತರಿಸಿ, ಎರಡರ ಮರೆಯ ತಿರುವು ಬೇರೆ ಬೇರೆ. ಉಕ್ಕಿನ ಕಂಬದ ವಿಷಯದಲ್ಲಿ ಲೇತಿನ ಮೇಲೆ ಇಲ್ಲೇ ಮಾಡಿಸಿಬಿಡೋಣ ಅನ್ನುವ ಆಸೆ ಬೇಡ. ಬುಶ್, ಪಿನ್, ಬ್ರಾಕೆಟ್ಟಿಗೆ ಮಾತ್ರ ನಮ್ಮ ಉದ್ಯಮಬಾಗದಂಥ ಜಾಗ ಇನ್ನೊಂದಿಲ್ಲ. ಫೌಂಡ್ರಿ, ಲೇತ್, ಮಿಲ್ಲಿಂಗ್ ಎಲ್ಲ ನಡೆದು ಹೋಗುವಷ್ಟು ಹತ್ತಿರ.

ಎಂಜಿನ್ ಜಾಮ್ ಆಗಿತ್ತು. ಸಿಲಿಂಡರಿಗೆ ಎಣ್ಣೆ ಬಿಟ್ಟು ಕಾದೆವು, ಬಿಟ್ಟುಕೊಂಡಿತು, ಬೋರ್ ಮಾಡಿಸಿದೆವು. ಅದರಲ್ಲಿ ಹೆಚ್ಚು ಹೇಳುವುದಿಲ್ಲ.

ರೊಕ್ಕದ ವಿಷಯಕ್ಕೆ ಬಂದರೆ, ಇಂಥ ಗಾಡಿಗೆ ಮೊದಲೇ ಇಷ್ಟು ಅಂತ ಗುತ್ತಿಗೆ ಮಾತಾಡಬೇಡಿ. ತಪಾಸಣೆಗೆ ಬೇರೆ ಹಣ ತಗೊಳ್ಳಿ. ಏನು ಚೆನ್ನಾಗಿದೆ, ಏನು ತೆಗೆಯಬೇಕು, ಏನು ಕಾಣೆಯಾಗಿದೆ ಅಂತ ಬರೆದು ಫೋಟೋ ಸಮೇತ ಕೊಡಿ. ಅದನ್ನು ನೋಡಿ ಗಿರಾಕಿ ಬೇರೆ ಗ್ಯಾರೇಜಿಗೆ ಹೋದರೂ ನಿಮ್ಮ ದುಡಿಮೆ ವ್ಯರ್ಥ ಅಲ್ಲ. ಕೆಲಸ ಹಿಡಿದ ಮೇಲೆ ಮೊದಲು ಬ್ರೇಕ್, ಸ್ಟೀರಿಂಗ್, ಚಕ್ರ. ಆಮೇಲೆ ಎಂಜಿನ್, ವೈರಿಂಗ್. ಬಣ್ಣ ಕಟ್ಟಕಡೆಗೆ. ಈ ಗಾಡಿಯ ಬಾಗಿಲಿಗೆ ಮೊದಲೇ ಹೊಡೆಸಿದ್ದ ಕೆಂಪು ಬಣ್ಣ ಈಗ ಟಾಪ್ ಕೂರಿಸಿ ಬಾಗಿಲಿನ ಸಂದು ಸರಿಮಾಡುವಾಗ ಕಿತ್ತುಹೋಯಿತು.

ಸದ್ಯ ಗಾಡಿ ಪ್ರೈಮರ್ ಬಣ್ಣದಲ್ಲೇ ಓಡುತ್ತಿದೆ, ನಮ್ಮ ಕಾಂಪೌಂಡಿನ ಒಳಗೆ. ಬ್ರೇಕ್ ನಾಲ್ಕೂ ಚಕ್ರಕ್ಕೆ ಸಮ ಹಿಡಿಯುತ್ತದೆ. ಹಿಂದಿನ ಅಡ್ಡ ಪಟ್ಟಾ ಸ್ಪ್ರಿಂಗ್ ಕುಸಿದಿದೆ, ಅದನ್ನು ಬಿಚ್ಚಿ ಮತ್ತೆ ಬಾಗಿಸಲು ಕೊಡಬೇಕು. ಅದು ಬಂದ ಮೇಲೆ ಆರ್‌ಟಿಒ ಕಾಗದಕ್ಕೆ ಕೂರಬೇಕು. ಬಣ್ಣ ಯಾವುದು ಅನ್ನುವ ವಾದ ಹುಡುಗನಿಗೂ ಕಾಕಾನಿಗೂ ಫೋನಿನಲ್ಲಿ ನಡೆದಿದೆ.