ದೊರೆ ಸಿಳ್ಳೆ ಹೊಡೆಯುವ ಬಂಗಲೆ

ಕೊಡಗಿನ ಪಾಲಿಬೆಟ್ಟ, ಸಿದ್ದಾಪುರದ ಕಡೆಯ ಹಳೇ ಕಾಫಿ ತೋಟಗಳಲ್ಲಿ ಸತ್ತ ಬಿಳಿ ದೊರೆಗಳ ಕತೆಗಳಿಗೆ ಬರವಿಲ್ಲ. ಒಂದು ಕಡೆ ದೊರೆ ಕುದುರೆ ಮೇಲೆ ಬರುತ್ತಾನೆ. ಇನ್ನೊಂದು ಕಡೆ ಬೂಟು ಹಾಕಿಕೊಂಡು ವರಾಂಡದಲ್ಲಿ ಓಡಾಡುತ್ತಾನೆ. ನಾವು ಉಳಿದ ಬಂಗಲೆಯ ದೊರೆ ಬೆಳಗಿನ ಜಾವ ಸಿಳ್ಳೆ ಹೊಡೆಯುತ್ತಾನಂತೆ. ಬಂಗಲೆ ಈಗ ಹೋಟೆಲ್ ಆಗಿದೆ. ಹಿಂದಿನ ಮೂಲೆಯ ಕೋಣೆಗೆ 'ದೆವ್ವದ ರೂಮ್' ಅಂತ ಹೆಸರಿಟ್ಟು, ಬಾಡಿಗೆಯನ್ನೂ ಜಾಸ್ತಿ ಮಾಡಿದ್ದಾರೆ.

ಬೆಂಗಳೂರಿನಿಂದ ಬಂದಿದ್ದ ನಾದಿನಿಗೆ ಅದೇ ಕೋಣೆ ಬೇಕಿತ್ತು. ಜುಲೈ-ಆಗಸ್ಟಿನ ಕಕ್ಕಡ ತಿಂಗಳು, ಮಳೆ ಬಿಟ್ಟಿರಲಿಲ್ಲ. ಊಟಕ್ಕೆ ಕಡಂಬಿಟ್ಟು ಎಂಬ ಅಕ್ಕಿ ಉಂಡೆ, ಬೈಂಬಳೆ ಅಂದರೆ ಎಳೆ ಬಿದಿರಿನ ಕರಿ ಇತ್ತು. ಕೋಣೆಗೆ ಬಂದಾಗ ಕರೆಂಟ್ ಹೋಗಿತ್ತು.

ಕೋಣೆ ನನಗೆ ಬಹಳ ಹಿಡಿಸಿತು. ಎತ್ತರದ ಮಾಡು, ಕಪ್ಪಾದ ಬೀಟೆ ಮರದ ಮಂಚ, ಹೊಗೆ ಕುಡಿದ ಅಗ್ಗಿಷ್ಟಿಕೆ. ನೆಲಕ್ಕೆ ಹಾಕಿದ ಹಲಗೆ ಒಂದೊಂದು ಹೆಜ್ಜೆಗೂ ಒಂದೊಂದು ಸದ್ದು ಮಾಡುತ್ತಿತ್ತು. ಆದರೆ ಗೋಡೆ ಮೇಲೆ ಕೆಂಪು ಕಣ್ಣಿನ ಬಿಳಿಯನ ದೊಡ್ಡ ಚಿತ್ರವೊಂದನ್ನು ತೂಗುಹಾಕಿದ್ದರು. ಅದನ್ನು ಕಂಡು ಮನಸ್ಸಿಗೆ ಪಿಚ್ಚೆನಿಸಿತು. ಅದು ಯಾರ ಮುಖವೂ ಅಲ್ಲ, ಸುಮ್ನೆ ಹೆದರಿಸಲು ಬರೆಸಿದ್ದು.

ರಾತ್ರಿ ಮಾಡಿನ ಮೇಲೆ ಏನೋ ಓಡಿತು. ಹಲಗೆ ತಾನಾಗಿಯೇ ಲಟಕ್ ಎಂದಿತು. ಹಗಲಿಗಿಂತ ರಾತ್ರಿ ತಂಪು ಏರಿದಾಗ ಮರ ಕುಗ್ಗುತ್ತದೆ, ನಮ್ಮ ಮನೆಯ ಹಳೇ ಬಾಗಿಲೂ ಹೀಗೇ ಮಾಡುತ್ತದೆ ಎಂದು ನಾದಿನಿಗೆ ಹೇಳಿದೆ. ಅವಳು ನನ್ನ ಕೈ ಬಿಡಲಿಲ್ಲ.

ಇನ್ನೂ ಬೆಳಕು ಹರಿದಿರಲಿಲ್ಲ, ಸಿಳ್ಳೆ ಶುರುವಾಯಿತು.

"ಅತ್ತಿಗೆ, ಕೇಳಿಸ್ತಾ?"

ನಿಜಕ್ಕೂ ಮನುಷ್ಯನ ಸಿಳ್ಳೆಯೇ. ಕೈ ಕೆಲಸದಲ್ಲಿ ಮುಳುಗಿದವನು ಒಂದು ರಾಗ ಹಿಡಿದು, ಅರ್ಧಕ್ಕೆ ಮರೆತು, ಮತ್ತೆ ಬೇರೆ ಕಡೆಯಿಂದ ಹಿಡಿಯುವ ಹಾಗೆ. ತೊರೆಯ ಸದ್ದಿನ ಮೇಲೂ ಅದು ಸ್ಪಷ್ಟವಾಗಿ ಕೇಳುತ್ತಿತ್ತು. ಕೊಡಗಿನಲ್ಲಿ ಹುಟ್ಟಿ ಬೆಳೆದ ನನಗೆ ಅದು ಸಿಳ್ಳಾರ ಹಕ್ಕಿ ಎಂದು ಗೊತ್ತಿತ್ತು. ಮಳೆಗಾಲ ಬಂತೆಂದರೆ ನಮ್ಮ ಘಟ್ಟದ ತೊರೆಗಳ ಪಕ್ಕ ಇದು ನಸುಕಿಗೇ ಹಾಡುತ್ತದೆ. ದೂರದಿಂದ ಕರೀ ಹಕ್ಕಿ. ಬೆಳಕು ಬಿದ್ದರೆ ಹಣೆ, ಭುಜ ನೀಲಿಯಾಗಿ ಹೊಳೆಯುತ್ತವೆ. ಗೊತ್ತಿದ್ದೂ ಆ ಕತ್ತಲಲ್ಲಿ ನನಗೂ ಮೈ ಜುಂ ಎಂದಿತು.

ಬಾಗಿಲು ತೆರೆದು ಹೊರಗೆ ಬಂದರೆ ವರಾಂಡದ ಕಟ್ಟೆ ಮೇಲೆ ಬಂಗಲೆಯ ಬಟ್ಲರ್ ಕಾಫಿ ಇಡುತ್ತಿದ್ದರು. ವಯಸ್ಸಾದವರು. ಅಂಚು ಒಡೆದ ಪಿಂಗಾಣಿ ಕಪ್ಪು, ಕೆಳಗೆ ಸಾಸರ್, ಮೇಲೆ ಆವಿ. ನಮಗೇ ತಂದಿದ್ದಾರೆ ಅಂದುಕೊಂಡು ನಾದಿನಿ ಕೈ ಚಾಚಿದಳು.

"ಅದು ದೊರೆಗೆ, ಅಮ್ಮ. ನಿಮಗೆ ಒಳಗೆ ಬೆಲ್ಲದ ಕಾಫಿ ಮಾಡಿದ್ದೀನಿ."

"ಅಣ್ಣ, ಅದು ಸಿಳ್ಳಾರ ಅಲ್ವಾ?" ಎಂದೆ.

"ಹಕ್ಕಿ ಅಂತ ನಮಗೂ ಗೊತ್ತಮ್ಮ. ನಮ್ಮಪ್ಪನೂ ಇಲ್ಲೇ ಅಡುಗೆ ಮಾಡ್ತಿದ್ದರು. ಹಕ್ಕಿ ಕೂಗಿದಾಗ ಕಾಫಿ ಇಡು ಅಂದಿದ್ದರು. ಆ ಹುಡುಗ ಇಲ್ಲಿ ಜ್ವರದಲ್ಲಿ ಸತ್ತನಂತೆ. ಅವನವರು ಅಂತ ಇಲ್ಲಿ ಯಾರಿದ್ದರು?"

ಆರಿದ ಕಾಫಿಯನ್ನು ಅವರು ಸಂಪಿಗೆ ಮರದ ಬುಡಕ್ಕೆ ಸುರಿದರು. ಕಪ್ಪನ್ನು ತಮ್ಮ ಕೈಯಲ್ಲೇ ತೊಳೆದು, ಬೇರೆ ಪಾತ್ರೆಗಳ ಜೊತೆ ಸೇರಿಸದೆ ಬೋರಲು ಹಾಕಿದರು.

ಹುಡುಗ ಎಂಬ ಆ ಮಾತು ನನ್ನನ್ನು ತಟ್ಟಿತು. ಕೊಡಗು ಇಂಗ್ಲಿಷರ ಕೈಗೆ ಹೋಗಿದ್ದು 1834ರಲ್ಲಿ. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ತೋಟ ತೆಗೆದ ಮೇಲೆ ಒಬ್ಬರ ಹಿಂದೆ ಒಬ್ಬರು ಬಿಳಿಯರು ಬಂದರು. ಕಾಡನ್ನು ಪೂರ್ತಿ ಬೋಳಿಸಿ ಕಾಫಿ ನೆಟ್ಟರು. ನೆರಳಿಲ್ಲದ ತೋಟವೆಂದರೆ ಕಾಂಡಕೊರಕ ಹುಳಕ್ಕೆ ಹಬ್ಬ. 1860ರ ದಶಕದಲ್ಲಿ ಅದು ತೋಟಗಳನ್ನೇ ನುಂಗಿತು. ಹುಳ ಕೊರೆದ ಗಿಡದ ಎಲೆ ಹಳದಿಯಾಗಿ ಬಾಡುತ್ತದೆ, ಬಗ್ಗಿಸಿದರೆ ಕಾಂಡ ಪಟ್ಟನೆ ಮುರಿಯುತ್ತದೆ. ಹುಳದಿಂದ ಕೈಸುಟ್ಟುಕೊಂಡವರು ಎಷ್ಟೋ, ಕಾಡಿನ ಜ್ವರಕ್ಕೆ ಹೋದವರು ಎಷ್ಟೋ. ಅವರಿಗಾಗಿ ಕಾಡು ಕಡಿದ ಕೂಲಿಯವರೂ ಅದೇ ಜ್ವರದಲ್ಲಿ ಸತ್ತರು. ಕೂಲಿಯವರ ಸಾಲು ಮನೆಗಳಾದ ಲೈನ್ ಮನೆಗಳಲ್ಲಿ ಸತ್ತವರ ಹೆಸರಲ್ಲಿ ಯಾವ ಹೋಟೆಲ್ಲೂ ಕೋಣೆ ಇಟ್ಟಿಲ್ಲ. ಅದೂ ನನ್ನನ್ನು ಕಾಡುತ್ತದೆ.

ಸತ್ತವರಿಗೆ ಒಂದು ಜಾಗ, ಒಂದು ತುತ್ತು ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಕೊಡವರ ಮನೆಗಳಲ್ಲಿ ಕಾರಣಂಗ್ ಕೊಡ್ಪ ಮಾಡಿ ಹಿರಿಯರಿಗೆ ಮಾಂಸ, ಮದ್ಯ ಎಡೆ ಇಡುತ್ತಾರೆ. ಕುಟುಂಬದ ಮೂಲ ಮನೆಯಾದ ಐನ್‌ಮನೆಯ ಹತ್ತಿರ ಅವರಿಗೆ ಕೈಮಡ ಎಂಬ ಚಿಕ್ಕ ಗುಡಿ ಇರುತ್ತದೆ. ಮಡಿಕೇರಿಯ ಓಂಕಾರೇಶ್ವರ ಗುಡಿಯನ್ನು ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ. ರಾಜ ಒಬ್ಬ ಬ್ರಾಹ್ಮಣನನ್ನು ಕೊಲ್ಲಿಸಿದ್ದನಂತೆ. ಸತ್ತವನು ಬ್ರಹ್ಮರಾಕ್ಷಸನಾಗಿ ಕಾಡಿದಾಗ ಶಾಂತಿಗೆ ಈ ಗುಡಿ ಎದ್ದಿತು ಎಂದು ಊರವರು ಇವತ್ತಿಗೂ ಹೇಳುತ್ತಾರೆ. ಗುಮ್ಮಟ, ನಾಲ್ಕು ಮಿನಾರು ಇರುವ ಆ ಗುಡಿಗೆ ಚಿಕ್ಕಂದಿನಲ್ಲಿ ಅಜ್ಜಿ ಜೊತೆ ಹೋಗುವಾಗ ನಾನು ದೇವರಿಗೆ ಕೈಮುಗಿದು ಆ ಬ್ರಾಹ್ಮಣನಿಗೂ ಒಂದು ಸಲ ಕೈಮುಗಿಯುತ್ತಿದ್ದೆ.

ಬಟ್ಲರ್ ಅಣ್ಣ ಮಾಡುತ್ತಿರುವುದೂ ಅದನ್ನೇ. ಹೋಟೆಲ್‌ನವರಿಗೆ ಮಾತ್ರ ಇದು ಕಣ್ಣಿಗೆ ಬಿದ್ದಿಲ್ಲ. ಪಕ್ಕದ ಕೋಣೆಯವರು ಮಧ್ಯರಾತ್ರಿ ನಮ್ಮ ಬಾಗಿಲು ಬಡಿದು, ದೆವ್ವದ ಹಾಗೆ ಕಿರುಚಿ ವಿಡಿಯೋ ಮಾಡಿದ್ದರು. ಅದಕ್ಕೆ ಯಾರ ತಡೆಯೂ ಇರಲಿಲ್ಲ.

ಹೊರಡುವಾಗ ಮ್ಯಾನೇಜರ್ ಹತ್ತಿರ ಕೂತು ಮಾತಾಡಿದೆ. ಆ ಕೆಂಪು ಕಣ್ಣಿನ ಚಿತ್ರ ತೆಗೆಯಿರಿ, ಕೋಣೆಗೆ ಬರುವವರಿಗೆ ಜ್ವರದಲ್ಲಿ ಸತ್ತ ಹುಡುಗನ ಕತೆ ಹೇಳಿ, ತೋಟದ ಹಳೇ ಪುಸ್ತಕಗಳಲ್ಲಿ ಅವನ ಹೆಸರು, ಕೂಲಿಯವರ ಹೆಸರು ಸಿಗುತ್ತದಾ ಹುಡುಕಿಸಿ ಎಂದೆ. ಪ್ರಾಯದ ಹುಡುಗ, ಸಮಾಧಾನದಿಂದ ಕೇಳಿದ. ಮಾಲೀಕರಿಗೆ ತಿಳಿಸುತ್ತೇನೆ ಎಂದ. ಹಳೇ ಪುಸ್ತಕಗಳು ಗೋದಾಮಿನ ಅಟ್ಟದಲ್ಲಿವೆ, ಗೆದ್ದಲು ಹಿಡಿಯುತ್ತಿದೆ ಎಂದೂ ಹೇಳಿದ. ಹಾಗಾದರೆ ಮಳೆಗಾಲ ಮುಗಿಯುವುದರೊಳಗೆ ಇಳಿಸಿ, ಓದಲು ನಾನು ಬರುತ್ತೇನೆ ಎಂದು ನಂಬರ್ ಬರೆದು ಕೊಟ್ಟು ಬಂದಿದ್ದೇನೆ.