ಬಲ್ಲಾಳರಾಯನ ದುರ್ಗಕ್ಕೆ ಹೋದ್ರೆ ಹುಲ್ಲನ್ನೂ ನೋಡಿ ಬನ್ನಿ

ಅಕ್ಟೋಬರ್ ಶುರುವಾದ್ರೆ ಸಾಕು, ನಮ್ಮ ಮಂಗಳೂರಿನವರ ವಾಟ್ಸಾಪ್ ಸ್ಟೇಟಸಲ್ಲಿ ಬಲ್ಲಾಳರಾಯನ ದುರ್ಗ ಬರ್ಲಿಕ್ಕೆ ಶುರು. ಮುರಿದ ಗೋಡೆ ಮೇಲೆ ಕೈ ಅಗಲಿಸಿ ನಿಂತದ್ದು, ಬಂಡಾಜೆ ಅರ್ಬಿ ಜಲಪಾತದ ತಲೆ ಮೇಲೆ ಕೂತದ್ದು, ಹೀಗೆ. ಹೋಗ್ಲಿ, ಒಳ್ಳೆದೇ, ಹೋಗುವ ಜಾಗವೇ ಅದು. ಆದ್ರೆ ವಾಪಸ್ ಬಂದ ಮೇಲೆ ಹೇಗಿತ್ತು ಅಂತ ಕೇಳಿದ್ರೆ ಹೆಚ್ಚಿನವರ ಮಾತು ಒಂದೇ, "ವ್ಯೂ ಸೂಪರ್, ಕೋಟೆಯಲ್ಲಿ ಮಾತ್ರ ಎಂಥ ಇಲ್ಲ ಮಾರಾಯ, ನಾಲ್ಕು ಕಲ್ಲು ಮತ್ತೆ ಖಾಲಿ ಗುಡ್ಡ". ಈ ಖಾಲಿ ಗುಡ್ಡ ಅನ್ನುವ ಮಾತಿಂದ ನಂಗೆ ತುಂಬಾ ಬೇಜಾರಾಗ್ತದೆ, ಅದಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ಗೊತ್ತಿಲ್ಲದವರಿಗೆ ಹೇಳುದಾದ್ರೆ, ದುರ್ಗ ಇರುದು ಚಿಕ್ಕಮಗಳೂರು ಜಿಲ್ಲೆಯ ಮೂಡಿಗೆರೆ ತಾಲೂಕಲ್ಲಿ, ಘಟ್ಟದ ತುದಿಯಲ್ಲಿ, ಸಮುದ್ರ ಮಟ್ಟದಿಂದ ಸುಮಾರು 1500 ಮೀಟರ್ ಎತ್ತರ. ಗೋಡೆಯಿಂದ ಪಶ್ಚಿಮಕ್ಕೆ ಸ್ವಲ್ಪ ನಡೆದ್ರೆ ನೆಲ ಮುಗೀತದೆ, ಕೆಳಗೆ ನಮ್ಮ ಬೆಳ್ತಂಗಡಿ. ಮೋಡ ಇಲ್ಲದ ದಿನ ಗಡಾಯಿಕಲ್ಲು ಸಹ ಕಾಣ್ತದೆ, ಅಷ್ಟು ದೊಡ್ಡ ಬಂಡೆ ಅಲ್ಲಿಂದ ನೋಡುವಾಗ ತೋಟದ ಮಧ್ಯ ಒಂದು ಗುಡ್ಡೆ ಅಷ್ಟೇ.

ಗಡಾಯಿಕಲ್ಲಿನ ಕೋಟೆ ಟಿಪ್ಪು ಸುಲ್ತಾನ್ 1794ರಲ್ಲಿ ಕಟ್ಟಿಸಿದ್ದು, ಜಮಾಲಾಬಾದ್ ಅಂತ ಹೆಸರಿಟ್ಟ, 1799ರಲ್ಲಿ ಅವ ಸತ್ತ ಮೇಲೆ ಬ್ರಿಟಿಷರ ಕೈ ಸೇರಿತು. ಅದು ನಿಂತಿರುದೇ ಬಂಡೆಯ ಬಲದಲ್ಲಿ, ಸುತ್ತ ಕಡಿದಾದ ಕಲ್ಲು, ಹತ್ತಲಿಕ್ಕೆ ಒಂದೇ ಇಕ್ಕಟ್ಟಿನ ದಾರಿ, ಆ ದಾರಿ ಕಾದ್ರೆ ಮುಗೀತು. ಬಲ್ಲಾಳರಾಯನ ದುರ್ಗ ಅದಕ್ಕಿಂತ ಆರೇಳು ನೂರು ವರ್ಷ ಹಳೆಯದು, 12ನೇ ಶತಮಾನದ ಹೊಯ್ಸಳರ ಕಾಲದ್ದು, ಒಂದನೇ ವೀರಬಲ್ಲಾಳನ ರಾಣಿ ಕಟ್ಟಿಸಿದ್ದು ಅಂತ ಹೇಳುವ ರೂಢಿ. ಹೊಯ್ಸಳರು ಅಂದ ಕೂಡ್ಲೆ ಎಲ್ಲರಿಗೂ ಬೇಲೂರು ನೆನಪಾಗ್ತದೆ, 1117ರ ಚೆನ್ನಕೇಶವ ದೇವಸ್ಥಾನ, ಆ ಶಿಲಾಬಾಲಿಕೆಯರು. ಆದ್ರೆ ಅವರ ಮೂಲ ಇರುದು ಇದೇ ಮೂಡಿಗೆರೆ ತಾಲೂಕಿನ ಅಂಗಡಿಯಲ್ಲಿ, ಹಿಂದೆ ಸೊಸೆವೂರು ಅಂತಿದ್ರು, ಸಳ ಹುಲಿ ಹೊಡೆದ ಕತೆ ನಡೆಯುದು ಅಲ್ಲೇ. ಅಂದ್ರೆ ಈ ಘಟ್ಟದ ಸಾಲು ಅವರಿಗೆ ಮನೆಯ ಹಿತ್ತಿಲು. ಹಿತ್ತಿಲ ಬೇಲಿಗೆ ಯಾರೂ ಶಿಲ್ಪ ಕೆತ್ತುದಿಲ್ಲ! ಕಲ್ಲಿನ ಮೇಲೆ ಕಲ್ಲು ಇಟ್ಟು ಗುಡ್ಡದ ಏಣಿನುದ್ದಕ್ಕೂ ಗೋಡೆ ಎಳೆದಿದ್ದಾರೆ, ನೆಲ ಎಲ್ಲಿ ಏರ್ತದೋ ಗೋಡೆಯೂ ಅಲ್ಲಿ ಏರ್ತದೆ.

ಈಗ ನಾನು ಹೇಳ್ಬೇಕು ಅಂತ ಇರುವ ವಿಷಯಕ್ಕೆ ಬರ್ತೇನೆ. ಆ ಗೋಡೆ ಹತ್ರ ನಿಂತು ಪೂರ್ವಕ್ಕೆ ನೋಡಿ, ಬರೀ ಹುಲ್ಲು, ಒಂದು ಗುಡ್ಡ ಆದ ಮೇಲೆ ಇನ್ನೊಂದು ಗುಡ್ಡ, ಮಡಿಕೆಗಳಲ್ಲಿ ಮಾತ್ರ ಶೋಲಾ ಅನ್ನುವ ಗಿಡ್ಡ ಮರಗಳ ಕಪ್ಪು ಹಸಿರು ಕಾಡು. ಒಂದು ಕಾಟಿ, ಅಂದ್ರೆ ಕಾಡುಕೋಣ, ಮೇಯ್ತಾ ಇದ್ರೂ ಎರಡು ಗುಡ್ಡದಾಚೆಯಿಂದ ಕಾಣ್ತದೆ. ಒಬ್ಬ ಮನುಷ್ಯ ನಡ್ಕೊಂಡು ಬಂದ್ರೂ ಅವ ಇಲ್ಲಿಗೆ ಮುಟ್ಲಿಕ್ಕೆ ಒಂದು ಗಂಟೆ ಇರುವಾಗ್ಲೇ ಕಾವಲಿನವನಿಗೆ ಗೊತ್ತಾಗ್ತದೆ, ಅಡಗಿ ಕೂರ್ಲಿಕ್ಕೆ ಒಂದು ಮರ ಇಲ್ಲ. ಪಶ್ಚಿಮದಲ್ಲಿ ಪ್ರಪಾತ, ಉಳಿದ ಕಡೆ ಬಯಲು. ಇಂಥ ಜಾಗದಲ್ಲಿ ಮೈಸೂರು ಕೋಟೆಯ ಹಾಗೆ ಎತ್ತರದ ಗೋಡೆ ಯಾಕೆ ಬೇಕು ಹೇಳಿ? ಹುಲ್ಲೇ ಅರ್ಧ ಕೋಟೆ ಅಂತ ನಾನು ನಂಬ್ತೇನೆ. ಹಾಗಾಗಿ ಕೋಟೆಯಲ್ಲಿ ಎಂಥ ಇಲ್ಲ ಅನ್ನುವವರು ಕೋಟೆಯ ದೊಡ್ಡ ಭಾಗವನ್ನು ಮೆಟ್ಟಿಕೊಂಡೇ ಬಂದಿರ್ತಾರೆ, ಅದು ಕೋಟೆ ಅಂತ ಅನ್ನಿಸಿರುದಿಲ್ಲ ಅಷ್ಟೇ.

ಘಟ್ಟದ ಮೇಲಿನವರಿಗೂ ಕೆಳಗಿನವರಿಗೂ ಸಂಬಂಧ ಬರೀ ಯುದ್ಧದ್ದು ಅಂತ ತಿಳ್ಕೊಳ್ಬೇಡಿ. ಉಡುಪಿ ಕಡೆಯವರಿಗೆ ಗೊತ್ತಿರ್ತದೆ, ಬಾರ್ಕೂರಿನ ಆಳುಪ ರಾಜಮನೆತನದ ಚಿಕ್ಕಾಯಿತಾಯಿಯನ್ನು ಹೊಯ್ಸಳರ ಮೂರನೇ ಬಲ್ಲಾಳ ಮದುವೆಯಾದ, 14ನೇ ಶತಮಾನದಲ್ಲಿ. ಉಪ್ಪು ಅಕ್ಕಿ ಮೇಲೆ ಹೋಗ್ತಿತ್ತು, ಕಾಳುಮೆಣಸು ಕೆಳಗೆ ಬರ್ತಿತ್ತು. ಕೋಟೆಯಿಂದ ಸ್ವಲ್ಪ ದೂರದ ರಾಣಿಝರಿಯಲ್ಲಿ ರಾಣಿಯೊಬ್ಬಳು ವೈರಿಗಳ ಕೈಗೆ ಸಿಗ್ಬಾರ್ದು ಅಂತ ಪ್ರಪಾತಕ್ಕೆ ಹಾರಿದ್ಲು ಅಂತ ಊರವರು ಹೇಳ್ತಾರೆ. ಅಲ್ಲಿ ಅಂಚಿಗೆ ಹೋಗಿ ಸೆಲ್ಫಿ ತೆಗೆಯುವವರನ್ನು ನೋಡಿದ್ರೆ ನಂಗೆ ಕೈಕಾಲು ತಣ್ಣಗಾಗ್ತದೆ, ಗಾಳಿ ಯಾವಾಗ ಹೇಗೆ ಬೀಸ್ತದೆ ಅಂತ ಹೇಳ್ಲಿಕ್ಕೆ ಬರುದಿಲ್ಲ, ದಯವಿಟ್ಟು ಹಿಂದೆ ನಿಲ್ಲಿ.

ಹುಲ್ಲಿನ ವಿಷಯ ಮುಗ್ದಿಲ್ಲ. ತುಂಬಾ ಜನ ಅಲ್ಲಿ ಹಿಂದೆ ದೊಡ್ಡ ಕಾಡಿತ್ತು, ಕಡಿದು ಬೋಳು ಮಾಡಿದ್ರು ಅಂತ ತಿಳ್ಕೊಂಡಿದ್ದಾರೆ. ಹಾಗಲ್ಲ. ಕುದುರೆಮುಖದಿಂದ ಈ ಚಾರ್ಮಾಡಿ ಸಾಲಿನವರೆಗೆ ಇರುವ ಹುಲ್ಲುಗಾವಲು ಬಹಳ ಪುರಾತನ. ಏಣಿನ ಮೇಲೆ ಮಣ್ಣು ತೆಳು, ಗಾಳಿ ಜೋರು, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಮಳೆ, ಬೇಸಿಗೆಯಲ್ಲಿ ಒಣಗಿ ಬೆಂಕಿ, ಅಲ್ಲಿ ಮರಕ್ಕಿಂತ ಹುಲ್ಲೇ ಗೆಲ್ಲುದು. ಗಾಳಿ ತಾಗದ, ಮಣ್ಣು ಆಳ ಇರುವ ಮಡಿಕೆಯಲ್ಲಿ ಶೋಲಾ ನಿಲ್ತದೆ, ಗಿಡ್ಡ ಮರ, ಕಾಂಡ ತುಂಬ ಪಾಚಿ, ಕೆಳಗೆ ಮೆತ್ತನೆ ತರಗೆಲೆ. ಒಳಗೆ ಹೋದ್ರೆ ಇಂಬಳ, ಅದೂ ಇರ್ಲಿ. ಬ್ರಾಡ್ ಟೇಲ್ಡ್ ಗ್ರಾಸ್‌ಬರ್ಡ್ ಅಂತ ಒಂದು ಕಂದು ಹಕ್ಕಿ ಉಂಟು, ಪಶ್ಚಿಮ ಘಟ್ಟದ ಇಂಥ ಹುಲ್ಲುಗುಡ್ಡ ಬಿಟ್ರೆ ಅದಕ್ಕೆ ಬೇರೆ ಮನೆ ಇಲ್ಲ. ಮಳೆಗಾಲದಲ್ಲಿ ನೀರು ಜಿನುಗುವ ಬಂಡೆ ಮೇಲೆ ಹುಳ ಹಿಡಿಯುವ ಗಿಡಗಳು ಸಹ ಬರ್ತವೆ, ಬಗ್ಗಿ ನೋಡಿದವರಿಗೆ ಮಾತ್ರ ಕಾಣುವಷ್ಟು ಸಣ್ಣ.

ಆದ್ರೆ ಬ್ರಿಟಿಷರ ಕಾಲದಿಂದ ದಾಖಲೆಯಲ್ಲಿ ಹುಲ್ಲು ಅಂದ್ರೆ ಪಾಳುಭೂಮಿ. ಮರ ಇಲ್ಲದ ಜಾಗ ಕಂಡ್ರೆ ಗಿಡ ನೆಡ್ಬೇಕು ಅನ್ನುವ ಬುದ್ಧಿ ಆಮೇಲೂ ಹೋಗ್ಲಿಲ್ಲ, ನಮ್ಮ ಕರಾವಳಿ ಮಲೆನಾಡಿನ ಎಷ್ಟೋ ಮುಳಿಗುಡ್ಡೆಗಳಿಗೆ ಅಕೇಶಿಯಾ ಬಂದದ್ದು ಹಾಗೇ. ನಮ್ಮ ಅಜ್ಜನ ಕಾಲದಲ್ಲಿ ಅಂಥ ಗುಡ್ಡೆಯಿಂದ ಮುಳಿಹುಲ್ಲು ತಂದು ಮನೆಗೆ ಹೊದೆಸ್ತಿದ್ರು, ದನ ಮೇಯ್ತಿತ್ತು. ಈಗ ಅಕೇಶಿಯಾ ಬುಡದಲ್ಲಿ ಹುಲ್ಲೂ ಇಲ್ಲ, ಹಕ್ಕಿಯೂ ಕಡಿಮೆ.

ಮತ್ತೆ ನೀರು. ದುರ್ಗದ ಹುಲ್ಲುಗುಡ್ಡದಲ್ಲಿ ಹುಟ್ಟಿದ ಹೊಳೆಯೇ ಬಂಡಾಜೆ ಅರ್ಬಿಯಾಗಿ ಕೆಳಗೆ ಬೀಳುದು, ಆ ನೀರು ಕೊನೆಗೆ ಸೇರುದು ನೇತ್ರಾವತಿಗೆ. ನೇತ್ರಾವತಿಯ ಮೂಲವೂ ಇದೇ ಸಾಲಿನ ಮೇಲೆ, ಎಳನೀರು ಕಡೆ. ಮಂಗಳೂರಿನ ನಲ್ಲಿಯಲ್ಲಿ ಬರುದು ತುಂಬೆ ಡ್ಯಾಮಿನ ನೀರು, ಅಂದ್ರೆ ಇದೇ ನೇತ್ರಾವತಿ. ಹುಲ್ಲು ಮತ್ತೆ ಶೋಲಾ ಸೇರಿ ಮಳೆ ನೀರನ್ನು ಹಿಡಿದು ಮೆಲ್ಲ ಮೆಲ್ಲ ಬಿಡ್ತವೆ, ಅದರಿಂದಲೇ ಜನವರಿಯಲ್ಲೂ ತೊರೆ ಹರಿಯುದು. 2019 ನೆನಪುಂಟಲ್ಲ? ಮೇ ತಿಂಗಳಲ್ಲಿ ಮಂಗಳೂರಲ್ಲಿ ನೀರು ರೇಷನ್ ಆಗಿತ್ತು, ಅದೇ ವರ್ಷ ಆಗಸ್ಟಲ್ಲಿ ಚಾರ್ಮಾಡಿ ಘಾಟಿ ಕುಸಿದು ರಸ್ತೆ ಬಂದ್, ದಿಡುಪೆ ಕಡೆ ತೋಟಕ್ಕೆಲ್ಲ ಮಣ್ಣು ನುಗ್ಗಿತ್ತು. ಎರಡಕ್ಕೂ ಕಾರಣ ಬೇರೆ ಬೇರೆ ಇರ್ಬಹುದು, ಆದ್ರೆ ಕೆಳಗಿನವರ ಬರ ನೆರೆ ಎರಡೂ ಈ ಗುಡ್ಡಗಳ ಜೊತೆ ಕಟ್ಟಿಕೊಂಡಿದೆ ಅಂತ ಆ ವರ್ಷ ನಂಗೆ ಗಟ್ಟಿಯಾಯ್ತು.

ಹಾಗಾಗಿ ಹುಲ್ಲಿನ ಮೇಲೆ ಬೈಕ್ ಹತ್ತಿಸಿದ ಗುರುತು ಕಂಡ್ರೆ ಹೊಟ್ಟೆ ಉರೀತದೆ. ಒಂದು ಸಲ ಚಕ್ರ ಹೋದ ಜಾಗದಲ್ಲಿ ಹುಲ್ಲಿನ ಬೇರು ಸಾಯ್ತದೆ, ಮುಂದಿನ ಮಳೆಗೆ ಅಲ್ಲೇ ನೀರು ಹರಿದು ಚರಂಡಿ ಆಗ್ತದೆ, ಆಮೇಲೆ ಅದು ಅಗಲ ಆಗ್ತಾ ಹೋಗುದು. ಕೋಟೆಯ ಕಲ್ಲು ಎಳೆದು ಒಲೆ ಮಾಡುವವರೂ ಇದ್ದಾರೆ. ಬೇಸಿಗೆಯಲ್ಲಿ ಬೀಡಿ ಸಿಗರೇಟಿನ ಒಂದು ಕಿಡಿ ಸಾಕು, ಶೋಲಾದ ಅಂಚು ಸುಟ್ಟರೆ ಹುಲ್ಲಿನ ಹಾಗೆ ಮುಂದಿನ ಮಳೆಗೆ ಚಿಗುರಿ ಬರುದಿಲ್ಲ.

ಹೋಗುವವರಿಗೆ: ಮಂಗಳೂರಿಂದ ಬಿ.ಸಿ.ರೋಡ್, ಬೆಳ್ತಂಗಡಿ, ಉಜಿರೆ, ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರ, ಅಲ್ಲಿ ನೀರುದೋಸೆ ತಿನ್ನದೆ ಮುಂದೆ ಹೋಗ್ಬೇಡಿ, ಮತ್ತೆ ಕಳಸ ರಸ್ತೆಯಲ್ಲಿ ಸುಂಕಸಾಲೆ. ಕಾಲಭೈರವೇಶ್ವರ ದೇವಸ್ಥಾನದ ಹತ್ರದಿಂದ ನಡಿಗೆ. ಗಟ್ಟಿ ಕಾಲಿನವರಿಗೆ ಕೆಳಗಿಂದ, ಮುಂಡಾಜೆ ಸೋಮಂತಡ್ಕ ಕಡೆಯಿಂದ ವಳಂಬ್ರಕ್ಕೆ ಹೋಗಿ ಬಂಡಾಜೆ ಮೇಲೆ ಹತ್ತುವ ದಾರಿ ಉಂಟು, ಅದು ಇಡೀ ದಿನದ ಕೆಲಸ, ಕಾಡಿನ ಕತ್ತಲೆಯಿಂದ ಒಮ್ಮೆಲೆ ಹುಲ್ಲಿಗೆ ಬರುದು ಆ ದಾರಿಯಲ್ಲಿ ಮಾತ್ರ ಸಿಗುವ ಖುಷಿ. ಅರಣ್ಯ ಇಲಾಖೆಯ ಪರ್ಮಿಷನ್ ಬೇಕು, ಚಾರಣ ಓಪನ್ ಉಂಟಾ ಅಂತ ಮೊದಲೇ ನೋಡಿ ಆನ್‌ಲೈನಲ್ಲಿ ಬುಕ್ ಮಾಡಿ ಹೊರಡಿ. ಮಳೆ ಬಿಟ್ಟ ಕೂಡ್ಲೆ, ಅಕ್ಟೋಬರ್ ಕೊನೆ ನವೆಂಬರಲ್ಲಿ ಹೋದ್ರೆ ಹುಲ್ಲು ಹಸಿರಿರ್ತದೆ, ಜನವರಿಗೆ ಬಂಗಾರದ ಬಣ್ಣ. ನಂಗೆ ಜನವರಿಯದ್ದೇ ಇಷ್ಟ, ಬಿಸಿಲು ಮಾತ್ರ ಜೋರು, ನೆರಳಿಲ್ಲ, ಟೊಪ್ಪಿ ಮತ್ತೆ ನೀರು ಜಾಸ್ತಿ ತೆಗೊಂಡು ಹೋಗಿ.