ಅಧ್ಯಕ್ಷರ ಕರಪತ್ರ

ಮೊನ್ನೆ ಮಂಗಳವಾರ ಅಂಗಡಿಯ ಶಟರ್ ಅರ್ಧ ಎಳೆದು ಊಟಕ್ಕೆ ಹೊರಡುವ ಹೊತ್ತಿಗೆ ಅಧ್ಯಕ್ಷರು ಬಂದರು. ಈಗ ಅವರು ಯಾವುದಕ್ಕೂ ಅಧ್ಯಕ್ಷರಲ್ಲ. ಆ ಕುರ್ಚಿ ಬಿಟ್ಟು ಆರು ವರ್ಷ ದಾಟಿತು. ಆದರೂ ಊರಿಡೀ ಕರೆಯುವುದು ಹಾಗೇ, ನನ್ನ ಬಾಯಿಗೂ ಅದೇ ಬರುತ್ತದೆ.

"ಅಕ್ಕಾ, ಒಂದು ಸಣ್ಣ ಕೆಲಸ ಉಂಟು" ಎಂದರು. (ಮಾತೆಲ್ಲ ಆದದ್ದು ತುಳುವಿನಲ್ಲಿ, ಇಲ್ಲಿ ಕನ್ನಡಕ್ಕೆ ತಂದಿದ್ದೇನೆ.) ಮದುವೆ ಕಾಗದವೊಂದರ ಹಿಂದೆ ಬಾಲ್ ಪೆನ್ನಿನಲ್ಲಿ ಬರೆದುಕೊಂಡು ಬಂದಿದ್ದರು. ಕರಪತ್ರ. ಪಂಚಾಯತ್ ಚುನಾವಣೆಗೆ ಮತ್ತೆ ನಿಲ್ಲುತ್ತಾರಂತೆ.

ನಮ್ಮದು ಉಡುಪಿಯಿಂದ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ಊರು. ಪಂಚಾಯತ್ ಕಚೇರಿಯ ಎದುರಿಗೇ ನನ್ನ ಜೆರಾಕ್ಸ್, ಡಿಟಿಪಿ ಅಂಗಡಿ. ಈ ಊರಿನ ಅರ್ಧ ಅರ್ಜಿಗಳು ನನ್ನ ಕೀಬೋರ್ಡಿನಿಂದಲೇ ಹೊರಟದ್ದು. ಹಾಗಾಗಿ ಯಾರ ಫೈಲು ಎಲ್ಲಿ ಸಿಕ್ಕಿಬಿದ್ದಿದೆ ಎಂದು ನನಗೆ ಗೊತ್ತಿರುತ್ತದೆ. ಇದು ಹೆಮ್ಮೆ ಪಡುವ ವಿಷಯ ಅಲ್ಲ, ಸುಮ್ನೆ ಹೇಳಿದೆ.

ಅಧ್ಯಕ್ಷರು ಹೋದದ್ದು ಹೇಗೆ ಅಂತ ಮೊದಲು ಹೇಳಬೇಕು. 2019ರಲ್ಲಿ ದುಬೈಯಿಂದ ಬಂದ ಒಬ್ಬ ಹುಡುಗ ಮನೆ ಕಟ್ಟಲು ಜಾಗದ 9/11 ಕೇಳಲು ಹೋದ. ಹೊರಗಿನವರಿಗೆ 9/11 ಎಂದರೆ ಅಮೆರಿಕದ ಕಟ್ಟಡ ನೆನಪಾಗಬಹುದು. ನಮ್ಮಲ್ಲಿ ಅದು ಪಂಚಾಯತಿನ ನಮೂನೆ 9 ಮತ್ತು ನಮೂನೆ 11, ಜಾಗದ ಖಾತೆಯ, ತೆರಿಗೆಯ ಕಾಗದಗಳು. ಅದಿಲ್ಲದೆ ಬ್ಯಾಂಕಿನವರು ಸಾಲ ಕೊಡುವುದಿಲ್ಲ, ಮನೆ ಮೇಲೇಳುವುದಿಲ್ಲ. ಹುಡುಗನ ಹತ್ತಿರ ಇವರು ಹತ್ತು ಸಾವಿರ ಕೇಳಿದರು. ಅವನು ಸೀದಾ ಎಸಿಬಿಗೆ, ಅಂದರೆ ಭ್ರಷ್ಟಾಚಾರ ನಿಗ್ರಹ ದಳಕ್ಕೆ ಹೋದ.

ಎಸಿಬಿಯವರು ಇವರನ್ನು ಹಿಡಿದ ದಿನ ನಾನು ಅಂಗಡಿಯ ಬಾಗಿಲಲ್ಲೇ ನಿಂತಿದ್ದೆ. ನೋಟಿಗೆ ಒಂದು ಬಿಳಿ ಪುಡಿ ಹಚ್ಚಿರುತ್ತಾರೆ, ಫಿನಾಫ್ತಲೀನ್ ಅಂತ. ಮುಟ್ಟಿದವರ ಬೆರಳನ್ನು ಸೋಡಿಯಂ ಕಾರ್ಬೊನೇಟ್ ಹಾಕಿದ ನೀರಿಗೆ ಅದ್ದಿಸಿದರೆ ನೀರು ಕೆಂಪಾಗುತ್ತದೆ. ಪೂರ್ತಿ ಕೆಂಪೂ ಅಲ್ಲ. ನೆಂಟರು ಜಾಸ್ತಿಯಾದ ದಿನ ನೀರು ಬೆರೆಸಿ ಬೆರೆಸಿ ಕೊಡುವ ಪುನರ್ಪುಳಿ ಶರಬತ್ತಿನ ಬಣ್ಣ. ಆ ನೀರನ್ನು ಬಾಟಲಿಗೆ ತುಂಬಿಸಿ ಸೀಲ್ ಮಾಡಿ ಜೀಪಿಗೆ ಒಯ್ದದ್ದನ್ನು ಇಡೀ ಪೇಟೆ ನೋಡಿತು. ಅಧ್ಯಕ್ಷರು ಅಂಗಿಯ ತುದಿಗೆ ಬೆರಳು ಒರೆಸಿಕೊಳ್ಳುತ್ತಾ ಇದ್ದರು.

ಆಮೇಲೆ ಅವರೇ ರಾಜೀನಾಮೆ ಕೊಟ್ಟರು. ಆ ರಾಜೀನಾಮೆ ಟೈಪ್ ಮಾಡಿದ್ದೂ ನಾನೇ. ಚಾರ್ಜ್‌ಶೀಟಿನ ಜೆರಾಕ್ಸ್ ತೆಗೆದದ್ದೂ ನಾನೇ, ಪುಟಕ್ಕೆ ಎರಡು ರೂಪಾಯಿ. ಕೇಸು ಇನ್ನೂ ನಡೆಯುತ್ತಿದೆ. ಮಧ್ಯದಲ್ಲಿ ಎಸಿಬಿಯೇ ಹೋಯಿತು. 2016ರಲ್ಲಿ ಸರಕಾರ ಮಾಡಿದ್ದನ್ನು 2022ರ ಆಗಸ್ಟ್‌ನಲ್ಲಿ ಹೈಕೋರ್ಟ್ ರದ್ದು ಮಾಡಿ, ಕೇಸುಗಳನ್ನು ಲೋಕಾಯುಕ್ತ ಪೊಲೀಸರಿಗೆ ಕೊಟ್ಟಿತು. ತಾರೀಕಿನ ಮೇಲೆ ತಾರೀಕು. ಶಿಕ್ಷೆ ಆಗಿಲ್ಲ, ಹಾಗಾಗಿ ನಿಲ್ಲಬಹುದು. ಅದು ನನಗೆ ಅರ್ಥವಾಗುತ್ತದೆ. ಅರ್ಥವಾಗದ್ದು ಊರಿನವರ ಮುಖ.

ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳಿದೆ. "ತಿಂದ್ರೂ ಕೆಲಸ ಮಾಡಿ ಕೊಡ್ತಿದ್ರು ಅಲ್ವಾ? ಈಗಿನವರು ತಿನ್ನುದೂ ಇಲ್ಲ, ಮಾಡುದೂ ಇಲ್ಲ" ಎಂದ ಒಬ್ಬ. ಹಾಲಿನ ಡೈರಿಯಲ್ಲೂ ಹೆಚ್ಚುಕಡಿಮೆ ಇದೇ ಮಾತು. ಈಗಿನ ನಮ್ಮ ವಾರ್ಡಿನ ಸದಸ್ಯೆ ಒಳ್ಳೆಯ ಹೆಂಗಸು. ಒಂದು ಚಾ ಕೂಡ ಇನ್ನೊಬ್ಬರ ದುಡ್ಡಿನಲ್ಲಿ ಕುಡಿಯುವುದಿಲ್ಲ. ಆದರೆ ಯಾರು ಹೋದರೂ "ಸರ್ವರ್ ಇಲ್ಲ, ನಾಳೆ ಬನ್ನಿ" ಎನ್ನುವ ಸಿಬ್ಬಂದಿಯ ಮಾತನ್ನೇ ಅವರೂ ತಿರುಗಿ ಹೇಳುತ್ತಾರೆ.

ಮನೆಗೆ ಬಂದು ಅತ್ತೆಯ ಹತ್ತಿರ ಹೇಳಿದೆ. ಎಪ್ಪತ್ತೆಂಟರ ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ, "ಇಂದಿರಮ್ಮನನ್ನೇ ಘಟ್ಟದ ಮೇಲಿನವರು ಗೆಲ್ಲಿಸ್ಲಿಲ್ವಾ?" ಎಂದರು. 1977ರಲ್ಲಿ ರಾಯ್‌ಬರೇಲಿಯಲ್ಲಿ ಸೋತ ಇಂದಿರಾ ಗಾಂಧಿ, ಮರುವರ್ಷ ನವೆಂಬರಿನಲ್ಲಿ ಚಿಕ್ಕಮಗಳೂರಿಗೆ ಬಂದು ವೀರೇಂದ್ರ ಪಾಟೀಲರ ಎದುರು ಎಪ್ಪತ್ತು ಸಾವಿರಕ್ಕೂ ಜಾಸ್ತಿ ಮತಗಳಿಂದ ಗೆದ್ದ ಕತೆ. ಡಿಸೆಂಬರಿನಲ್ಲಿ ಲೋಕಸಭೆ ಅವರನ್ನು ಹೊರಗೆ ಹಾಕಿತು. 1980ರ ಜನವರಿಯಲ್ಲಿ ಮತ್ತೆ ಪ್ರಧಾನಿ.

"ತುರ್ತು ಪರಿಸ್ಥಿತಿ ಎಲ್ಲ ಮರೆತು ಹೋಯ್ತಾ ನಿಮಗೆ?" ಅಂದೆ.

"ಮರೆಯುದು ಎಂತ? ನಮಗೆ ಡಿಕ್ಲರೇಶನ್‌ನಲ್ಲಿ ಗದ್ದೆ ಬಂದದ್ದು ಆಗ" ಎಂದರು.

ನಮ್ಮ ಕಡೆಯ ಒಕ್ಕಲು ಮನೆಗಳಲ್ಲಿ ಇದಕ್ಕೆ ಎದುರು ಮಾತಿಲ್ಲ. ಡಿಕ್ಲರೇಶನ್ ಎಂದರೆ ಉಳುವ ಗದ್ದೆ ತಮ್ಮ ಹೆಸರಿಗೆ ಬೇಕೆಂದು ಒಕ್ಕಲುಗಳು ಕೊಟ್ಟ ಅರ್ಜಿ. 1974ರ ಭೂಸುಧಾರಣೆ ಕಾನೂನು ತಂದದ್ದು ದೇವರಾಜ ಅರಸು. ಅತ್ತೆಗೆ ಅರಸು, ಇಂದಿರಮ್ಮ ಎಲ್ಲ ಒಂದೇ. ಧಣಿಗಳಿಗೆ ಗೇಣಿ ಅಳೆಯುವುದು ನಿಂತಿತು, ಮಾವನ ಹೆಸರಿಗೆ ಒಂದೂವರೆ ಎಕರೆ ಬಂತು. ಆ ಕಾಗದ ಇವತ್ತಿಗೂ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಅವರ ಟ್ರಂಕಿನ ಅಡಿಯಲ್ಲಿದೆ. ಜೆರಾಕ್ಸ್ ತೆಗೆಯಲಿಕ್ಕೂ ನನ್ನ ಕೈಗೆ ಕೊಡಲಿಲ್ಲ, ಅಂಗಡಿಗೆ ತಾವೇ ಹಿಡಿದುಕೊಂಡು ಬಂದಿದ್ದರು.

ಇಂದಿರಾ ಗಾಂಧಿಗೂ ನಮ್ಮ ಅಧ್ಯಕ್ಷರಿಗೂ ಎಲ್ಲಿಯ ಹೋಲಿಕೆ ಮಾರಾಯ್ರೆ ಎಂದು ವಾದ ಮಾಡಲು ಹೊರಟವಳು ಅರ್ಧಕ್ಕೇ ನಿಲ್ಲಿಸಿದೆ. ಯಾಕೆಂದರೆ ನನ್ನ ಕಪಾಟಿನಲ್ಲೂ ಒಂದು ಕಾಗದ ಉಂಟು.

2017. ನಮ್ಮ ಹತ್ತು ಸೆಂಟ್ಸ್ ಜಾಗದ 9/11. ನಾಲ್ಕು ತಿಂಗಳು ಓಡಾಡಿದೆ, ರಸ್ತೆ ದಾಟಿದರೆ ಕಚೇರಿ, ಆದರೂ ಓಡಾಡಿದೆ. ಕೊನೆಗೆ ಅಧ್ಯಕ್ಷರೇ ಹೇಳಿದರು, "ಆಫೀಸಿನವರನ್ನು ಸ್ವಲ್ಪ ನೋಡಿಕೊಳ್ಳಬೇಕಾಗ್ತದೆ ಅಕ್ಕ." ಆರು ಸಾವಿರ. ನನ್ನ ಅಂಗಡಿಯದೇ ಕಂದು ಕವರಿನಲ್ಲಿ ಹಾಕಿ ಕೊಟ್ಟೆ. ಎಂಟನೆಯ ದಿನ ಕಾಗದ ಕೈಗೆ ಬಂತು. ಲಂಚ ಕೊಡುವುದೇ ನೇರ ಅಪರಾಧ, ಒತ್ತಾಯಕ್ಕೆ ಕೊಟ್ಟರೆ ಏಳು ದಿನದ ಒಳಗೆ ಹೇಳಬೇಕು ಅಂತ ಕಾನೂನಿಗೆ ತಿದ್ದುಪಡಿ ಬಂದದ್ದು 2018ರಲ್ಲಿ. ನನ್ನದು ಅದಕ್ಕಿಂತ ಮೊದಲು. ಆದರೂ ಇದನ್ನು ಟೈಪ್ ಮಾಡುವಾಗ ಕೈ ಎರಡು ಸಲ ನಿಂತಿತು.

ಕೊಟ್ಟದ್ದಕ್ಕಿಂತ ನನ್ನನ್ನು ಜಾಸ್ತಿ ಕಾಡುವುದು ಇನ್ನೊಂದು. ಕಾಗದ ಸಿಕ್ಕಿದ ದಿನ ನಾನು ಅವರಿಗೆ "ದೊಡ್ಡ ಉಪಕಾರ ಆಯ್ತು ಅಧ್ಯಕ್ಷರೇ" ಎಂದೆ. ಬಾಯಿ ಮಾತಿಗಲ್ಲ, ಮನಸ್ಸಿನಿಂದಲೇ ಹೇಳಿದ್ದು. ನನ್ನದೇ ಕಾಗದ, ನನ್ನದೇ ದುಡ್ಡು, ಉಪಕಾರ ಅವರದ್ದು.

ಮಂಗಳವಾರದ ವಿಷಯಕ್ಕೆ ಬರುತ್ತೇನೆ. ಅಧ್ಯಕ್ಷರು ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತು ಓದಿ ಹೇಳಿದರು, ನಾನು ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಹೊಡೆದೆ. "ಸರಳ, ಸಜ್ಜನ, ಪ್ರಾಮಾಣಿಕ ವ್ಯಕ್ತಿ." ಮೂರನೆಯ ಶಬ್ದಕ್ಕೆ ಅವರ ಮುಖ ನೋಡಿದೆ. ಏನೂ ಇಲ್ಲ. ನಾಚಿಕೆ ಇಲ್ಲ, ನಾಟಕವೂ ಇಲ್ಲ. "ಅದನ್ನು ಸ್ವಲ್ಪ ದಪ್ಪ ಅಕ್ಷರದಲ್ಲಿ ಮಾಡಿ" ಎಂದರು. ಪಂಚಾಯತ್ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ, ಇವರ ಚಿಹ್ನೆ ಇನ್ನೂ ಗೊತ್ತಾಗಬೇಕಷ್ಟೆ, ಆ ಜಾಗಕ್ಕೆ ಅವರದೇ ಫೋಟೋ. ಕೈ ಮುಗಿದದ್ದು. ಕೆಳಗೆ ಮುದ್ರಿಸಿದವರ ಹೆಸರು ಹಾಕಬೇಕು, ಎಷ್ಟು ಪ್ರತಿ ಎಂದೂ ಹಾಕುತ್ತೇವೆ. ಅಲ್ಲಿ ನನ್ನ ಅಂಗಡಿಯ ಹೆಸರು ಬಂತು. 500 ಪ್ರತಿ.

ಪ್ರೂಫ್ ಕೊಟ್ಟೆ. ನೋಡಿದರು, ಸರಿ ಉಂಟು ಎಂದರು. ಸಂಜೆ ಪ್ರಿಂಟ್ ತೆಗೆದು ಕಟ್ಟು ಕಟ್ಟುವಾಗ ಕಣ್ಣಿಗೆ ಬಿತ್ತು: ಪ್ರಮಾಣಿಕ. ಒಂದು ದೀರ್ಘ ಬಿಟ್ಟುಹೋಗಿದೆ, ಅದೂ ದಪ್ಪ ಅಕ್ಷರದಲ್ಲಿ, ಐನೂರರಲ್ಲೂ. ದೇವರಾಣೆ ಬೇಕೆಂದು ಮಾಡಿದ್ದಲ್ಲ. ಹದಿನೇಳು ವರ್ಷದಲ್ಲಿ ಇಷ್ಟು ದೊಡ್ಡ ತಪ್ಪು ನನ್ನ ಕೈಯಿಂದ ಆದದ್ದು ನೆನಪಿಲ್ಲ.

ಬುಧವಾರ ಬಂದಾಗ ನಾನೇ ಹೇಳಿದೆ, "ತಪ್ಪಾಗಿದೆ ಅಧ್ಯಕ್ಷರೇ, ನನ್ನ ಖರ್ಚಿನಲ್ಲೇ ಇನ್ನೊಮ್ಮೆ ಮಾಡಿಕೊಡ್ತೇನೆ." ಅವರು ಕಾಗದವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ಆಮೇಲೆ ನಕ್ಕರು.

"ಒಂದು ದೀರ್ಘ ಅಲ್ವಾ ಅಕ್ಕ, ಯಾರು ನೋಡ್ತಾರೆ?"

ಕಟ್ಟು ಸ್ಕೂಟರಿನ ಮುಂದೆ ಇಟ್ಟುಕೊಂಡು ಹೋದರು. ದುಡ್ಡು ಪೂರ್ತಿ ಕೊಟ್ಟರು, ಚೌಕಾಸಿ ಮಾಡಲಿಲ್ಲ.